ಉಪ್ಪಾಗೆಯ ಹುಳಿ: ಸಾರಿನಲ್ಲಿ ಎಷ್ಟು, ಮಾತ್ರೆಯಲ್ಲಿ ಎಷ್ಟು

ಆರಿದ್ರಾ ಮಳೆ ಮುಗಿದು ಪುನರ್ವಸು ಹಿಡಿಯುವ ಹೊತ್ತಿಗೆ ಹೊಸನಗರ, ತೀರ್ಥಹಳ್ಳಿ, ಸಾಗರದ ಕಾನುಗಳಲ್ಲಿ ಉಪ್ಪಾಗೆ ಹಣ್ಣು ಉದುರಲು ಶುರುವಾಗುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರ, ಹಳದಿ ಬಣ್ಣ, ಪುಟ್ಟ ಸಿಹಿಗುಂಬಳದಂತೆ ಸುತ್ತಲೂ ಏಣು. ಬಿಡಿಸಿದರೆ ನಡುವೆ ಬಿಳಿ ತಿರುಳಿನಲ್ಲಿ ಸುತ್ತಿಕೊಂಡ ಆರೆಂಟು ಬೀಜ. ತಿರುಳು ಸಿಹಿಹುಳಿ, ಚೀಪಬಹುದು. ಸಿಪ್ಪೆ ಮಾತ್ರ ಹಲ್ಲು ಚಳಿತು ಹೋಗುವಷ್ಟು ಹುಳಿ. ಬಿಸಿಲಿನ ಮುಖವೇ ಕಾಣದ ತಿಂಗಳುಗಳಲ್ಲಿ ಕಳಿಯುವ ಹಣ್ಣು ಇದು. ಹಾಗಾಗಿ ಅದರ ಸಿಪ್ಪೆ ಒಣಗುವುದು ಅಂಗಳದಲ್ಲಲ್ಲ, ಒಲೆಯ ಮೇಲಿನ ಅಟ್ಟದಲ್ಲಿ, ಅಡಿಕೆ ದಬ್ಬೆಯ ತಟ್ಟಿಯ ಮೇಲೆ, ಹೊಗೆ ಕುಡಿಯುತ್ತ. ವಾರ ಕಳೆಯುವುದರೊಳಗೆ ಹಳದಿ ಹೋಗಿ ಕಂದಾಗಿ, ಕೊನೆಗೆ ಹಳೆಯ ಚರ್ಮದ ತುಂಡಿನಂತೆ ಕಪ್ಪಗೆ ಮುರುಟಿ ನಿಲ್ಲುತ್ತದೆ.

ಈ ಕಪ್ಪು ತುಂಡಿನೊಳಗಿನ ಒಂದು ಆಮ್ಲಕ್ಕಾಗಿ ಕಳೆದ ಮೂರು ದಶಕಗಳಲ್ಲಿ ಹಡಗುಗಟ್ಟಲೆ ಸಿಪ್ಪೆ ದೇಶ ದಾಟಿದೆ. ತೂಕ ಇಳಿಸುವ ಮಾತ್ರೆಯ ಡಬ್ಬಿಗಳ ಮೇಲೆ 'ಗಾರ್ಸೀನಿಯಾ ಕ್ಯಾಂಬೋಜಿಯಾ' ಎಂದು ಬರೆದಿರುತ್ತದಲ್ಲ, ಅದು ನಮ್ಮ ಉಪ್ಪಾಗೆಯೇ. ಸಸ್ಯಶಾಸ್ತ್ರದಲ್ಲಿ ಈಗ ಅದರ ಹೆಸರು ಗಾರ್ಸೀನಿಯಾ ಗಮ್ಮಿ-ಗಟ್ಟಾ, ಹಳೆಯ ಹೆಸರು ವ್ಯಾಪಾರದಲ್ಲಿ ಹಾಗೆಯೇ ಉಳಿದುಕೊಂಡಿದೆ. ಊರ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ತೂಗುವ ಸಿಪ್ಪೆ ಡಬ್ಬಿಯೊಳಗೆ ಹೋಗಿ ಮಿಲಿಗ್ರಾಂ ಲೆಕ್ಕದ ಔಷಧದಂತೆ ವಾಪಸು ಬಂದಾಗ, ಅದನ್ನು ತಲೆತಲಾಂತರದಿಂದ ಉಂಡುಕೊಂಡು ಬಂದವರೂ 'ನಮ್ಮದೇ ಅಲ್ಲವಾ, ಏನಾಗುತ್ತೆ' ಎಂದು ನುಂಗುತ್ತಾರೆ. ಈ ಧೈರ್ಯದ ಬಗ್ಗೆಯೇ ಇಲ್ಲಿ ಬರೆಯಬೇಕಾಗಿದೆ. ಸಾರಿನ ಹುಳಿಯೂ ಮಾತ್ರೆಯ ಹುಳಿಯೂ ಒಂದೇ ವಸ್ತು. ಆದರೆ ಅವುಗಳ ಪ್ರಮಾಣ ಬೇರೆ, ದೇಹ ಅವನ್ನು ಕಾಣುವ ರೀತಿಯೂ ಬೇರೆ.

ಮೊದಲು ಹುಳಿ ಯಾವುದು ಎಂದು ತಿಳಿಯೋಣ. ಬಹಳ ಕಾಲ ಇದು ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ, ಜೊತೆಗೆ ನಿಂಬೆಯ ಸಿಟ್ರಿಕ್ ಆಮ್ಲ ಎಂದೇ ನಂಬಿದ್ದರು. ಅದು ತಪ್ಪೆಂದು ತೋರಿಸಿದ್ದು ನಮ್ಮ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ. ಅಲ್ಲಿನ ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ 1965ರಲ್ಲಿ ಉಪ್ಪಾಗೆ ಸಿಪ್ಪೆಯ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ಪ್ರಕಟಿಸಿದರು. ಚಿಕ್ಕದಾಗಿ ಎಚ್‌ಸಿಎ. ಸಿಟ್ರಿಕ್ ಆಮ್ಲದ ಅಣುವಿಗೆ ಒಂದು ಆಮ್ಲಜನಕ ಹೆಚ್ಚು ಸೇರಿದರೆ ಇದಾಗುತ್ತದೆ, ಅಷ್ಟೇ ವ್ಯತ್ಯಾಸ. ಒಣ ಸಿಪ್ಪೆಯ ತೂಕದಲ್ಲಿ ಮರದಿಂದ ಮರಕ್ಕೆ, ಒಣಗಿಸಿದ ಬಗೆಯಿಂದ ಬಗೆಗೆ ಸುಮಾರು 10ರಿಂದ 30 ಶೇಕಡಾ ಈ ಆಮ್ಲವೇ ಇರುತ್ತದೆ. ಒಂದು ಹಣ್ಣಿನ ಸಿಪ್ಪೆಯಲ್ಲಿ ಒಂದೇ ಆಮ್ಲ ಇಷ್ಟು ದಟ್ಟವಾಗಿ ಕೂಡಿರುವುದು ಅಪರೂಪ. ಇದೇ ಅಣುವಿನ ಇನ್ನೊಂದು ರೂಪ, ಕೈ ತಿರುಗಿಸಿ ಜೋಡಿಸಿದಂಥದ್ದು, ಕೆಂಪು ಪುಂಡಿಯ ಹೂವಿನ ತೊಟ್ಟೆಯಲ್ಲಿದೆ. ರುಚಿಗೆ ಎರಡೂ ಹುಳಿಯೇ, ದೇಹದೊಳಗಿನ ಕೆಲಸಕ್ಕೆ ಬಂದರೆ ಎರಡೂ ಒಂದೇ ಅಲ್ಲ.

1969ರಲ್ಲಿ ಅಮೆರಿಕದ ಜೀವರಸಾಯನ ಪ್ರಯೋಗಾಲಯವೊಂದರಲ್ಲಿ ವಾಟ್ಸನ್, ಫಾಂಗ್ ಮತ್ತು ಲೋವೆನ್‌ಸ್ಟೈನ್ ಎಂಬ ಮೂವರು ಈ ಆಮ್ಲ ಒಂದು ಕಿಣ್ವವನ್ನು ಬಲವಾಗಿ ತಡೆಯುತ್ತದೆ ಎಂದು ಕಂಡುಕೊಂಡರು. ಕಿಣ್ವದ ಹೆಸರು ಎಟಿಪಿ ಸಿಟ್ರೇಟ್ ಲಯೇಸ್. ನಾವು ಉಂಡ ಅನ್ನ, ಬೆಲ್ಲ ಖರ್ಚಿಗಿಂತ ಮಿಗಿಲಾದಾಗ ಯಕೃತ್ತಿನ ಜೀವಕೋಶದಲ್ಲಿ ಸಿಟ್ರೇಟ್ ಕೂಡಿಕೊಳ್ಳುತ್ತದೆ. ಈ ಕಿಣ್ವ ಅದನ್ನು ಸೀಳಿ, ಕೊಬ್ಬನ್ನೂ ಕೊಲೆಸ್ಟೆರಾಲನ್ನೂ ಕಟ್ಟಲು ಬೇಕಾದ ತುಂಡನ್ನು ಒದಗಿಸುತ್ತದೆ. ಎಚ್‌ಸಿಎ ನೋಡಲು ಸಿಟ್ರೇಟಿನ ಹಾಗೆಯೇ ಇರುವುದರಿಂದ ಕಿಣ್ವದ ಬಾಯಿಗೆ ಸರಿಯಾಗಿ ಕೂತುಬಿಡುತ್ತದೆ, ಆದರೆ ಸೀಳಲು ಬರುವುದಿಲ್ಲ. ಮೆಟ್ಟುಗತ್ತಿಗೆ ಅಡಿಕೆಯ ಜಾಗದಲ್ಲಿ ಅದೇ ಗಾತ್ರದ ಕಲ್ಲು ಸಿಕ್ಕಿಕೊಂಡ ಹಾಗೆ. ಕಲ್ಲು ಇರುವಷ್ಟು ಹೊತ್ತು ಸುಲಿತ ನಿಲ್ಲುತ್ತದೆ.

ಇಲಿಗಳಲ್ಲಿ ಇದು ಚೆನ್ನಾಗಿಯೇ ಕೆಲಸ ಮಾಡಿತು. ಕೊಬ್ಬು ತಯಾರಿ ತಗ್ಗಿತು, ಇಲಿಗಳು ತಿನ್ನುವುದನ್ನೂ ಕಡಿಮೆ ಮಾಡಿದವು. ಇಲ್ಲಿಂದಲೇ ಮಾತ್ರೆಯ ಕನಸು ಹುಟ್ಟಿದ್ದು. ಆ ಇಲಿಗಳಿಗೆ ಕೊಟ್ಟದ್ದು ಸಕ್ಕರೆಯೇ ತುಂಬಿದ ಆಹಾರ, ಇಲಿಯ ಯಕೃತ್ತು ಸಕ್ಕರೆಯಿಂದ ಕೊಬ್ಬು ಮಾಡುವುದರಲ್ಲಿ ನಿಸ್ಸೀಮ. ಮನುಷ್ಯನ ಮೈಯಲ್ಲಿ ಈ ದಾರಿ ಕಿರಿದು. ಮಿಕ್ಕ ಪಿಷ್ಟವನ್ನು ದೇಹ ಮೊದಲು ಉರಿಸುತ್ತದೆ, ಆಮೇಲೆ ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜೆನ್ ಆಗಿ ಕೂಡಿಡುತ್ತದೆ. ಮೈಗೆ ಹತ್ತುವ ಕೊಬ್ಬಿನ ಬಹುಪಾಲು ಎಣ್ಣೆ, ತುಪ್ಪ, ಕೊಬ್ಬರಿಯ ರೂಪದಲ್ಲಿ ಕೊಬ್ಬಾಗಿಯೇ ಒಳಗೆ ಬಂದದ್ದು. ಅದನ್ನು ಈ ಕಿಣ್ವ ಮುಟ್ಟುವುದೇ ಇಲ್ಲ. ನಾವು ಮೂರು ಹೊತ್ತೂ ಅನ್ನ ಉಣ್ಣುವವರು, ಹಾಗಾಗಿ ನಮಗೆ ಇದು ನಾಟುತ್ತದೆ ಎಂಬ ವಾದ ಕೇಳಿಬರುತ್ತದೆ. ದಿನವೂ ಖರ್ಚಿಗಿಂತ ತುಂಬ ಹೆಚ್ಚು ಅನ್ನ ಉಂಡು ಗ್ಲೈಕೋಜೆನ್ ಕಣಜ ತುಂಬಿ ತುಳುಕಿದಾಗ ಮಾತ್ರ ಆ ದಾರಿ ಹಿಗ್ಗುತ್ತದೆ. ಅಂಥವರಿಗೆ ಬೇಕಾದ್ದು ಮಾತ್ರೆ ಅಲ್ಲ, ಒಂದು ಸೌಟು ಅನ್ನ ಕಡಿಮೆ.

ಮನುಷ್ಯರ ಮೇಲಿನ ಪರೀಕ್ಷೆ ಇದನ್ನೇ ಹೇಳಿತು. 1998ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಹೈಮ್ಸ್‌ಫೀಲ್ಡ್ ಮತ್ತು ಸಂಗಡಿಗರ ವರದಿ ಬಂತು. ಹೆಚ್ಚು ತೂಕದ 135 ಜನ, 12 ವಾರ, ಎಲ್ಲರಿಗೂ ಒಂದೇ ಮಿತ ಆಹಾರ. ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಎಚ್‌ಸಿಎ, ಇನ್ನೊಂದಕ್ಕೆ ಏನೂ ಇಲ್ಲದ ಹುಸಿ ಮಾತ್ರೆ. ಯಾರಿಗೆ ಯಾವುದೆಂದು ಕೊಟ್ಟವರಿಗೂ ತಿಳಿಯದು, ತಗೊಂಡವರಿಗೂ ತಿಳಿಯದು. ಕೊನೆಗೆ ಎಚ್‌ಸಿಎ ಗುಂಪು ಸರಾಸರಿ 3.2 ಕಿಲೋ ಇಳಿದಿತ್ತು, ಹುಸಿ ಮಾತ್ರೆಯ ಗುಂಪು 4.1 ಕಿಲೋ. ಈ ಅಂತರಕ್ಕೆ ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಅರ್ಥವಿಲ್ಲ. ಅಂದರೆ ತೂಕ ಇಳಿಸಿದ್ದು ಮಿತ ಊಟ. 2011ರಲ್ಲಿ ಇಂಥ ಹಲವು ಪರೀಕ್ಷೆಗಳನ್ನು ಒಟ್ಟಿಗೆ ತೂಗಿದ ವಿಶ್ಲೇಷಣೆಯಲ್ಲಿ ಸರಾಸರಿ 0.88 ಕಿಲೋ ವ್ಯತ್ಯಾಸ ಕಂಡಿತು. ಕಟ್ಟುನಿಟ್ಟಾಗಿ ನಡೆದ ಪರೀಕ್ಷೆಗಳನ್ನು ಮಾತ್ರ ಇಟ್ಟುಕೊಂಡು ನೋಡಿದಾಗ ಅದೂ ನಿಲ್ಲಲಿಲ್ಲ.

ಆ ಕಿಣ್ವವನ್ನು ತಡೆದರೆ ಪ್ರಯೋಜನವೇ ಇಲ್ಲ ಎಂದೂ ಹೇಳಲಾಗದು. ಬೆಂಪೆಡೋಯಿಕ್ ಆಮ್ಲ ಎಂಬ ಔಷಧ ಅದೇ ಕಿಣ್ವವನ್ನು ತಡೆದು ಕೆಟ್ಟ ಕೊಲೆಸ್ಟೆರಾಲ್ ಇಳಿಸುತ್ತದೆ, 2020ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿದೆ. ಅದು ಪ್ರಯೋಗಾಲಯದಲ್ಲಿ ಕಟ್ಟಿದ ಬೇರೆಯೇ ಅಣು, ಯಕೃತ್ತಿಗೆ ಹೋದ ಮೇಲೆ ಮಾತ್ರ ಚುರುಕಾಗುತ್ತದೆ, ವೈದ್ಯರ ಚೀಟಿಯ ಮೇಲೆ ಅಳೆದು ಕೊಡುವಂಥದ್ದು. ಉಪ್ಪಾಗೆಯ ಹುಳಿಗೆ ಆ ಕೀರ್ತಿಯನ್ನು ಎರವಲು ತರಲಾಗದು.

ಈಗ ಯಕೃತ್ತಿನ ಮಾತು. ಇದನ್ನು ಮುಲಾಜಿಲ್ಲದೆ ಹೇಳಬೇಕು. ಅಮೆರಿಕದಲ್ಲಿ ತುಂಬ ಮಾರಾಟವಾಗುತ್ತಿದ್ದ ತೂಕ ಇಳಿಸುವ ಮಾತ್ರೆಯೊಂದರಿಂದ ಯಕೃತ್ತು ಕೆಟ್ಟ ಪ್ರಕರಣಗಳು ಒಂದರ ಹಿಂದೆ ಒಂದು ಬಂದು, 2009ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಎಚ್ಚರಿಕೆ ಕೊಟ್ಟಿತು, ಮಾಲು ಅಂಗಡಿಗಳಿಂದ ವಾಪಸಾಯಿತು. ಅದರಲ್ಲಿ ಹಲವು ಪದಾರ್ಥಗಳಿದ್ದವು, ಹಾಗಾಗಿ ದೋಷ ಉಪ್ಪಾಗೆ ಸಾರದ್ದೇ ಎಂದು ಆಗ ಹೇಳುವಂತಿರಲಿಲ್ಲ. ಆಮೇಲೆ ಬರೀ ಉಪ್ಪಾಗೆ ಸಾರದ ಮಾತ್ರೆ ತಗೊಂಡವರಲ್ಲೂ, ಹಸಿರು ಚಹಾದ ಸಾರದ ಜೊತೆ ತಗೊಂಡವರಲ್ಲೂ ಅಂಥದೇ ಕಾಮಾಲೆ ಕಂಡಿತು. ಎಚ್‌ಎಲ್‌ಎ-ಬಿ 35:01 ಎಂಬ ವಂಶವಾಹಿ ಇರುವವರಿಗೆ ಅಪಾಯ ಹೆಚ್ಚು ಎಂಬುದೂ ಗೊತ್ತಾಗಿದೆ. ಅದು ತನ್ನಲ್ಲಿದೆಯೇ ಎಂದು ಯಾರೂ ಪರೀಕ್ಷೆ ಮಾಡಿಸಿಕೊಂಡು ಮಾತ್ರೆ ಕೊಳ್ಳುವುದಿಲ್ಲ. ಲಕ್ಷಣಗಳು ಕೆಲವು ವಾರಗಳಿಂದ ಕೆಲವು ತಿಂಗಳ ಒಳಗೆ ಶುರುವಾಗುತ್ತವೆ. ಮೊದಲು ಸುಸ್ತು, ಊಟ ಸೇರದಿರುವುದು, ಓಕರಿಕೆ. ಆಮೇಲೆ ಮೈತುರಿಕೆ, ಕಟ್ಟು ಚಹಾದ ಬಣ್ಣದ ಮೂತ್ರ, ಕಣ್ಣಿನ ಬಿಳಿಯಲ್ಲಿ ಹಳದಿ. ಮಾತ್ರೆ ತಗೊಳ್ಳುತ್ತಿರುವವರಿಗೆ ಇವುಗಳಲ್ಲಿ ಒಂದು ಕಂಡರೂ ಅಂದೇ ನಿಲ್ಲಿಸಿ ಯಕೃತ್ತಿನ ರಕ್ತಪರೀಕ್ಷೆ ಮಾಡಿಸಬೇಕು, ಡಬ್ಬಿಯನ್ನು ಜೊತೆಗೇ ಕೊಂಡೊಯ್ದು ವೈದ್ಯರಿಗೆ ತೋರಿಸಬೇಕು. 'ಆಯುರ್ವೇದದ್ದು, ಹಣ್ಣಿನದ್ದು' ಎಂದು ಹೇಳದೆ ಬಿಡುವುದರಿಂದಲೇ ಎಷ್ಟೋ ಸಲ ಕಾರಣ ಸಿಗದೆ ಹೋಗುತ್ತದೆ. ಸಕ್ಕರೆ ಕಾಯಿಲೆಗೆ, ಖಿನ್ನತೆಗೆ, ಕೊಲೆಸ್ಟೆರಾಲಿಗೆ ಔಷಧ ತಗೊಳ್ಳುವವರು, ಬಸುರಿಯರು, ಬಾಣಂತಿಯರು ಈ ಮಾತ್ರೆಯನ್ನು ಮುಟ್ಟುವುದೇ ಬೇಡ.

ಹಾಗಾದರೆ ಸಾರು? ಒಂದು ಲೆಕ್ಕ ಹಾಕಿ ನೋಡಿ. ಅರ್ಧ ಕಿಲೋ ಮೀನಿನ ಸಾರಿಗೆ ಎರಡು ಮೂರು ತುಂಡು ಒಣ ಉಪ್ಪಾಗೆ ಬೀಳುತ್ತದೆ, ಹೆಚ್ಚೆಂದರೆ 10 ಗ್ರಾಂ. ಅದರಲ್ಲಿ ಶೇಕಡಾ 20 ಆಮ್ಲ ಎಂದಿಟ್ಟುಕೊಂಡರೆ ಇಡೀ ಪಾತ್ರೆಯಲ್ಲಿ 2 ಗ್ರಾಂ. ಆರು ಜನ ಉಂಡರೆ ತಲೆಗೆ ಸುಮಾರು 330 ಮಿಲಿಗ್ರಾಂ, ಅದೂ ಸಿಪ್ಪೆಯ ಆಮ್ಲವೆಲ್ಲ ರಸಕ್ಕೆ ಇಳಿದರೆ ಮಾತ್ರ. ಸಿಪ್ಪೆಯನ್ನು ತೆಗೆದು ಬದಿಗಿಡುವುದರಿಂದ ನಿಜಕ್ಕೂ ಇನ್ನೂ ಕಡಿಮೆ. ಅದನ್ನೂ ವಾರಕ್ಕೆ ಒಂದೆರಡು ಸಲ, ಅನ್ನದ ಜೊತೆ ಉಣ್ಣುತ್ತೇವೆ. ಮಾತ್ರೆಯವರು ದಿನಕ್ಕೆ 1500 ಮಿಲಿಗ್ರಾಂ, ಕೆಲವರು ಅದರ ಹತ್ತಿರ ಹತ್ತಿರ ಎರಡು ಪಟ್ಟು, ಬರಿಹೊಟ್ಟೆಯಲ್ಲಿ, ತಿಂಗಳುಗಟ್ಟಲೆ ನುಂಗುತ್ತಾರೆ. ಇನ್ನೂ ಒಂದು ಅಂತರವಿದೆ. ಸಿಪ್ಪೆ ಒಣಗುವಾಗ, ಕುದಿಯುವಾಗ ಎಚ್‌ಸಿಎ ತನ್ನ ಬಾಲವನ್ನು ತಾನೇ ಕಚ್ಚಿಕೊಂಡು ಲ್ಯಾಕ್ಟೋನ್ ಎಂಬ ಉಂಗುರದ ರೂಪಕ್ಕೆ ತಿರುಗುತ್ತದೆ. ಹುಳಿ ಉಳಿಯುತ್ತದೆ, ಕಿಣ್ವವನ್ನು ತಡೆಯುವ ಶಕ್ತಿ ಬಹಳ ತಗ್ಗುತ್ತದೆ. ಅದಕ್ಕೇ ಕಾರ್ಖಾನೆಯವರು ಅದನ್ನು ಸುಣ್ಣದ ಅಥವಾ ಪೊಟ್ಯಾಸಿಯಂ ಲವಣವಾಗಿ ಕಟ್ಟಿ ಹಾಕುತ್ತಾರೆ. ನಮ್ಮ ಒಲೆಯ ಮೇಲೆ ಆ ಕಟ್ಟು ಇಲ್ಲ. ಅಡುಗೆಮನೆಯ ಉಪ್ಪಾಗೆಯಿಂದ ಯಾರೂ ತೆಳ್ಳಗಾಗುವುದಿಲ್ಲ, ಯಾರ ಯಕೃತ್ತೂ ಕೆಡುವುದಿಲ್ಲ ಎಂದು ನಿಶ್ಚಿಂತೆಯಿಂದ ಉಣ್ಣಲು ಈ ಲೆಕ್ಕ ಸಾಕು.

ಉಣ್ಣುವುದರಲ್ಲಿ ಲಾಭ ಇದೆಯೇ ಎಂದರೆ, ಇದೆ. ಹುಳಿ ಮುಂದಿದ್ದರೆ ಉಪ್ಪು ಸ್ವಲ್ಪ ಕಡಿಮೆಯಾದರೂ ನಾಲಿಗೆಗೆ ತಿಳಿಯದು. ಆಮ್ಲ ಹೆಚ್ಚಿದ ಸಾರು ಮಳೆಗಾಲದಲ್ಲೂ ಬೇಗ ಹಳಸದು, ಮೀನಿನ ವಾಸನೆ ಮುರಿಯುತ್ತದೆ. ಕೊಡಗಿನಲ್ಲಿ ಇದೇ ಹಣ್ಣಿನ ರಸವನ್ನು ಕಪ್ಪಗೆ ಗಟ್ಟಿಯಾಗುವವರೆಗೆ ಬತ್ತಿಸಿ ಕಾಚಂಪುಳಿ ಮಾಡುವುದೂ ಇದಕ್ಕೇ, ಬಾಟಲಿಯಲ್ಲಿ ವರ್ಷಗಟ್ಟಲೆ ಕೆಡದೆ ಕೂರುತ್ತದೆ.

ಬಳಸುವಾಗ ತಪ್ಪುವುದು ಎರಡು ಕಡೆ. ಹೊಗೆಯಲ್ಲಿ ಒಣಗಿದ ಸಿಪ್ಪೆಯನ್ನು ತೊಳೆಯದೆ ಹಾಕುವುದು ಮೊದಲನೆಯದು. ಅದರ ಮೈಮೇಲೆ ಮಸಿಯೂ ಹೊಗೆಯ ಟಾರೂ ಕೂತಿರುತ್ತವೆ, ಅದು ಹೊಟ್ಟೆಗೆ ಹೋಗಬೇಕಾದ ವಸ್ತುವಲ್ಲ. ತಣ್ಣೀರಿನಲ್ಲಿ ಎರಡು ಸಲ ಉಜ್ಜಿ ತೊಳೆದು ಚೆಲ್ಲಿ, ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆ ನೆನೆಸಿ, ಆ ನೀರಿನ ಸಮೇತ ಮಸಾಲೆಗೆ ಹಾಕಬೇಕು. ಎರಡನೆಯದು, ಸಿಪ್ಪೆಯನ್ನು ಸಾರಿನಲ್ಲೇ ಬಿಟ್ಟು ಮಲಗುವುದು. ರಾತ್ರಿಯೆಲ್ಲ ಹುಳಿ ಇಳಿಯುತ್ತಲೇ ಇರುತ್ತದೆ, ಬೆಳಿಗ್ಗೆ ಬಾಯಿಗಿಡಲು ಆಗದು. ಬೇಕಾದಷ್ಟು ಹುಳಿ ಬಂದ ಕೂಡಲೇ ತುಂಡುಗಳನ್ನು ತೆಗೆಯಿರಿ. ಪಾತ್ರೆ ಮಣ್ಣಿನದೋ ಸ್ಟೀಲಿನದೋ ಇರಲಿ. ಕಲಾಯಿ ಹೋದ ಹಿತ್ತಾಳೆ, ತಾಮ್ರ, ಅಲ್ಯುಮಿನಿಯಂ ಯಾವುದೂ ಬೇಡ. ಈ ಆಮ್ಲ ಲೋಹವನ್ನು ಕರಗಿಸಿಕೊಂಡು ಬಂದರೆ ಹೊಟ್ಟೆ ತೊಳಸಿ ವಾಂತಿಯಾಗುತ್ತದೆ, ಆಗ ಬೈಗುಳ ಬೀಳುವುದು ಉಪ್ಪಾಗೆಗೆ.

ಉಪ್ಪಾಗೆಯ ತಂಗಿಯಂತಿರುವ ಮುರುಗಲನ್ನು ಬಿಟ್ಟರೆ ಮಾತು ಅರ್ಧವಾಗುತ್ತದೆ. ಗಾರ್ಸೀನಿಯಾ ಇಂಡಿಕಾ, ಕರಾವಳಿಯ ಪುನರ್ಪುಳಿ, ಪೇಟೆಯ ಕೋಕಂ. ಇದು ಬೇಸಿಗೆಯ ಹಣ್ಣು, ಏಪ್ರಿಲ್ ಮೇ ತಿಂಗಳಲ್ಲಿ ಕಡುಗೆಂಪಾಗಿ ಕಳಿಯುತ್ತದೆ. ಇದರ ಸಿಪ್ಪೆಯಲ್ಲೂ ಎಚ್‌ಸಿಎ ಇದೆ. ಅದರ ಜೊತೆಗೆ ಉಪ್ಪಾಗೆಯಲ್ಲಿ ಕಾಣದ ಕೆಂಪೂ ಇದೆ. ಸೈಯನಿಡಿನ್ ಎಂಬ ಆಂಥೋಸಯಾನಿನ್‌ನ ಎರಡು ಬಗೆ ಸೇರಿ ಈ ಬಣ್ಣ, ನೇರಳೆ ಹಣ್ಣಿಗೆ ಬಣ್ಣ ಕೊಡುವ ಕುಟುಂಬದ್ದೇ. ಮೂರನೆಯದು ಗಾರ್ಸಿನಾಲ್ ಎಂಬ ಹಳದಿ ವಸ್ತು. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಗಾರ್ಸಿನಾಲ್ ಉರಿಯೂತ ತಗ್ಗಿಸುತ್ತದೆ, ಕೆಲವು ಕ್ಯಾನ್ಸರ್ ಕೋಶಗಳ ಬೆಳವಣಿಗೆ ತಡೆಯುತ್ತದೆ, ನಿಜ. ಆದರೆ ಅದು ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಂಥದರಲ್ಲಿ ಮಾತ್ರ ಕರಗುತ್ತದೆ. ಮುರುಗಲ ಪಾನಕದ ಲೋಟದಲ್ಲಿ ಹುಳಿಯೂ ಕೆಂಪೂ ಇಳಿಯುತ್ತವೆ, ಗಾರ್ಸಿನಾಲ್ ಬಹುಪಾಲು ಚೆಲ್ಲುವ ಸಿಪ್ಪೆಯಲ್ಲೇ ಉಳಿಯುತ್ತದೆ. ಪಾನಕದ ಬಾಟಲಿಯ ಮೇಲೆ 'ಕ್ಯಾನ್ಸರ್ ನಿರೋಧಕ' ಎಂದು ಬರೆದಿದ್ದರೆ ಇದನ್ನು ನೆನಪಿಡಿ.

ಆ ಕೆಂಪಿನ ಗುಣ ತಿಳಿಯಬೇಕಾದರೆ ಒಂದು ಗಾಜಿನ ಲೋಟದಲ್ಲಿ ಬಿಸಿನೀರು ಹಾಕಿ ನಾಲ್ಕು ಒಣ ಮುರುಗಲ ಸಿಪ್ಪೆ ಬಿಡಿ. ಸಿಪ್ಪೆಯ ಅಂಚಿನಿಂದ ಕೆಂಪು ಎಳೆಗಳು ಹೊಗೆಯಂತೆ ತಳಕ್ಕೆ ಇಳಿಯುತ್ತವೆ, ಐದು ನಿಮಿಷದಲ್ಲಿ ನೀರೆಲ್ಲ ದಾಸವಾಳದ ಬಣ್ಣ. ಅದರಲ್ಲಿ ಎರಡು ಚಮಚ ಬೇರೆ ಬಟ್ಟಲಿಗೆ ತೆಗೆದು ಚಿಟಿಕೆ ಚಿಟಿಕೆಯಾಗಿ ಅಡುಗೆ ಸೋಡ ಹಾಕಿ. ನೊರೆ ಬಂದು, ಕೆಂಪು ಮಾಸಿ, ನೇರಳೆಯಾಗಿ, ಕೊನೆಗೆ ಕೊಳೆ ನೀಲಿ ಹಸಿರಿಗೆ ತಿರುಗಬೇಕು. ಹುಳಿ ಇದ್ದಾಗ ಕೆಂಪು, ಕ್ಷಾರ ಸೇರಿದಾಗ ನೀಲಿ ಹಸಿರು, ಇದು ಆಂಥೋಸಯಾನಿನ್‌ನ ಹುಟ್ಟುಗುಣ. ಎಷ್ಟು ಸೋಡ ಹಾಕಿದರೂ ಗುಲಾಬಿ ಗುಲಾಬಿಯಾಗಿಯೇ ನಿಂತರೆ ಆ ಸಿಪ್ಪೆಗೋ ಪಾನಕಕ್ಕೋ ಕೃತಕ ಬಣ್ಣ ಬಿದ್ದಿದೆ. ಪೇಟೆಯಿಂದ ತಂದ ಕೋಕಂ ಬಾಟಲಿಗೂ ಈ ಪರೀಕ್ಷೆ ಮಾಡಿ ನೋಡಬಹುದು.

ಈ ಬಣ್ಣ ಬೆಂಕಿಗೂ ಬೆಳಕಿಗೂ ಬೇಗ ಸೋಲುತ್ತದೆ. ಅದಕ್ಕೇ ಮುರುಗಲ ಸಾರನ್ನು ಕುದಿಸಿ ಕುದಿಸಿ ಮಾಡಬಾರದು. ನಾಲ್ಕು ಜನಕ್ಕೆ ಹತ್ತು ಹನ್ನೆರಡು ಹೋಳು ಒಣ ಸಿಪ್ಪೆಯನ್ನು ಎರಡು ಲೋಟ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಕಿವುಚಿ, ಸೋಸಿ. ಮತ್ತೆರಡು ಲೋಟ ನೀರು, ಅಡಿಕೆ ಗಾತ್ರದ ಬೆಲ್ಲ, ಉಪ್ಪು, ಸೀಳಿದ ಎರಡು ಹಸಿಮೆಣಸು ಸೇರಿಸಿ ಒಲೆಯ ಮೇಲಿಟ್ಟು, ಅಂಚಿನಲ್ಲಿ ಗುಳ್ಳೆ ಕಂಡ ಕೂಡಲೇ ಇಳಿಸಿ. ತುಪ್ಪದಲ್ಲಿ ಜೀರಿಗೆ, ಒಣಮೆಣಸು, ಇಂಗು, ಕರಿಬೇವಿನ ಒಗ್ಗರಣೆ. ಕುದಿ ಹೆಚ್ಚಾದರೆ ಕೆಂಪು ಕಂದಾಗಿ ಒಗರು ಮುಂದೆ ಬರುತ್ತದೆ. ಅಂಗಡಿಯ ಸಿಪ್ಪೆಗೆ ಬಹಳ ಸಲ ಉಪ್ಪು ಹಾಕಿ ಒಣಗಿಸಿರುತ್ತಾರೆ. ರಕ್ತದೊತ್ತಡ ಇರುವವರು ಅದನ್ನು ಒಮ್ಮೆ ತೊಳೆದು, ಸಾರಿಗೆ ಬೇರೆ ಉಪ್ಪು ಹಾಕುವ ಮೊದಲು ರುಚಿ ನೋಡಬೇಕು.

ಪಾನಕಕ್ಕೆ ಹಸಿ ಸಿಪ್ಪೆ ಒಂದು ಕಿಲೋಗೆ ಸಕ್ಕರೆ ಎರಡು ಕಿಲೋ. ಹಣ್ಣು ತೊಳೆದು ಒರೆಸಿ ನೀರಿನ ಪಸೆ ಇಲ್ಲದಂತೆ ಆರಿಸಿ, ಎರಡು ಹೋಳು ಮಾಡಿ ಬೀಜ ತೆಗೆದು, ಬಟ್ಟಲಿನಂಥ ಸಿಪ್ಪೆಗೆ ಸಕ್ಕರೆ ತುಂಬಿ ಗಾಜಿನ ಭರಣಿಯಲ್ಲಿ ಪದರ ಪದರವಾಗಿ ಜೋಡಿಸಿ. ಬಾಯಿಗೆ ತೆಳು ಬಟ್ಟೆ ಕಟ್ಟಿ ಆರೆಂಟು ದಿನ ಬಿಸಿಲಿಗಿಡಿ, ದಿನಕ್ಕೊಮ್ಮೆ ಒಣ ಮರದ ಸೌಟಿನಿಂದ ತಿರುವಿ. ಸಕ್ಕರೆ ಪೂರ್ತಿ ಕರಗಿದ ಮೇಲೆ ಸೋಸಿ, ಹುರಿದ ಜೀರಿಗೆ ಪುಡಿ, ಸ್ವಲ್ಪ ಉಪ್ಪು ಸೇರಿಸಿ ಕತ್ತಲಲ್ಲಿಡಿ. ಮೂರನೇ ನಾಲ್ಕನೇ ದಿನ ನೊರೆ ಎದ್ದು ಹೆಂಡದ ವಾಸನೆ ಬಂದರೆ ಸಕ್ಕರೆ ಕಡಿಮೆಯಾಗಿದೆ ಅಥವಾ ಸಿಪ್ಪೆಯಲ್ಲಿ ನೀರಿತ್ತು ಎಂದರ್ಥ, ಅದು ಉಳಿಯುವುದಿಲ್ಲ. ತಗಡಿನ ಮುಚ್ಚಳ ಹಾಕಿದರೆ ತುಕ್ಕು ತಿಂದು ಪಾಕದೊಳಗೆ ಬೀಳುತ್ತದೆ. ಇಷ್ಟೆಲ್ಲ ಒಳ್ಳೆಯದು ಹೇಳಿದ ಮೇಲೆ ಇದನ್ನೂ ಹೇಳಬೇಕು: ಒಂದು ಲೋಟಕ್ಕೆ 40 ಮಿಲೀ ಪಾಕ ಬಿದ್ದರೆ ಅದರಲ್ಲಿ 25 ಗ್ರಾಂಗೂ ಹೆಚ್ಚು ಸಕ್ಕರೆ, ಅಂದರೆ ಐದು ಚಮಚ. ಪಿತ್ತಕ್ಕೆ ತಂಪು ಎಂದು ದಿನಕ್ಕೆ ಮೂರು ಲೋಟ ಕುಡಿದರೆ ಹುಳಿಯ ಗುಣಕ್ಕಿಂತ ಸಕ್ಕರೆಯ ದೋಷವೇ ದೊಡ್ಡದಾಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಒಣ ಸಿಪ್ಪೆ ನೆನೆಸಿದ ನೀರಿಗೆ ಉಪ್ಪು, ಜೀರಿಗೆ ಹಾಕಿದ್ದೇ ಸರಿಯಾದ ಪಾನಕ. ಬಿಸಿಲಿನಲ್ಲಿ ಕೆಲಸ ಮಾಡಿ ಬೆವರು ಸುರಿಸಿದವರಿಗೆ ನೀರೂ ಉಪ್ಪೂ ಬಾಯಿಗೆ ಹಿತವಾಗಿ ಮರಳುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಕಡಿಮೆ. ಕುಡಿದ ಮೇಲೆ ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ. ಹಲ್ಲು ಉಜ್ಜುವುದಿದ್ದರೆ ಅರ್ಧ ಗಂಟೆ ಬಿಟ್ಟು, ಇಲ್ಲವಾದರೆ ಹುಳಿಗೆ ಮೆತ್ತಗಾದ ಹಲ್ಲಿನ ಹೊದಿಕೆ ಸವೆಯುತ್ತದೆ. ಹೊಟ್ಟೆಯ ಹುಣ್ಣು, ಎದೆಯುರಿ ಇರುವವರಿಗೆ ಎರಡೂ ಹುಳಿ ಆಗಿಬರುವುದಿಲ್ಲ.

ಮೂತ್ರಪಿಂಡದ ಕಲ್ಲಿನ ವಿಷಯದಲ್ಲಿ ಮಾತ್ರ ಈ ಆಮ್ಲದ ಮೇಲೆ ನನಗೆ ನಿಜವಾದ ಕುತೂಹಲವಿದೆ. ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟಿನವು. ಅವು ಬೆಳೆಯದಂತೆ ವೈದ್ಯರು ಬಹಳ ಕಾಲದಿಂದ ಸಿಟ್ರೇಟ್ ಕೊಡುತ್ತ ಬಂದಿದ್ದಾರೆ. 2016ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನ, ಹೈಡ್ರಾಕ್ಸಿಸಿಟ್ರೇಟ್ ಆ ಹರಳುಗಳ ಬೆಳವಣಿಗೆಯನ್ನು ತಡೆಯುವುದಷ್ಟೇ ಅಲ್ಲ, ಕೆಲವು ಸ್ಥಿತಿಗಳಲ್ಲಿ ಹರಳನ್ನೇ ಕರಗಿಸುತ್ತದೆ ಎಂದು ತೋರಿಸಿತು. ಹರಳಿನ ಮೈಗೆ ಅಂಟಿಕೊಂಡು ಅಲ್ಲಿನ ಕಟ್ಟನ್ನು ಸಡಿಲಿಸುತ್ತದೆಯಂತೆ. ಇದೆಲ್ಲ ಪ್ರಯೋಗಾಲಯದಲ್ಲಿ ಹರಳಿನ ಮೇಲೆ ನಡೆದದ್ದು. ಕಲ್ಲಿರುವವರು ಇದನ್ನು ಓದಿ ಉಪ್ಪಾಗೆ ಕಷಾಯ ಕುಡಿಯಲು ಕೂರಬಾರದು. ಅವರಿಗೆ ಇಂದಿಗೂ ಮೊದಲ ಮದ್ದು, ದಿನಕ್ಕೆ ಎರಡು ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು.

ಸಿಪ್ಪೆ ತೆಗೆದ ಮೇಲೆ ಉಳಿಯುವ ಬೀಜವನ್ನು ಎಸೆಯುವವರೇ ಹೆಚ್ಚು. ಮುರುಗಲ ಬೀಜದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬು. ಬೀಜವನ್ನು ತೊಳೆದು ಚೆನ್ನಾಗಿ ಒಣಗಿಸಿ, ಮೇಲಿನ ಹೊಟ್ಟು ತೆಗೆದು, ಕುಟ್ಟಿ ಪುಡಿ ಮಾಡಿ, ನೀರು ಹಾಕಿ ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ. ತೆಗೆದು ತಣಿಸಿದರೆ ಮೇಣದಂತೆ ಬಿಳಿ ಉಂಡೆ, ಅದೇ ಮುರುಗಲ ತುಪ್ಪ. ಕರಗುವುದು 38ರಿಂದ 40 ಡಿಗ್ರಿಯಲ್ಲಿ, ಅಂದರೆ ಮೈಯ ಕಾವಿನ ಅಂಚಿನಲ್ಲಿ. ಹಾಗಾಗಿ ಒಡೆದ ಹಿಮ್ಮಡಿಗೆ ಹಚ್ಚಿದರೆ ಎಣ್ಣೆಯಂತೆ ಹರಿದುಹೋಗದೆ ಬಿರುಕಿನಲ್ಲೇ ಕೂತು ನೀರಿನಂಶ ಆರದಂತೆ ಕಾಯುತ್ತದೆ. ರಾತ್ರಿ ಕಾಲು ತೊಳೆದು ಒರೆಸಿ, ಉಂಡೆಯನ್ನು ದೀಪಕ್ಕೆ ತುಸು ಬೆಚ್ಚಗೆ ಮಾಡಿ ಹಚ್ಚಿ. ಕೆಸರು ಮೆತ್ತಿದ ಕಾಲಿಗೆ ಹಚ್ಚಿದರೆ ಕೊಳೆಯನ್ನೇ ಒಳಗೆ ಮುಚ್ಚಿದಂತಾಗುತ್ತದೆ. ಉಪ್ಪಾಗೆ ಬೀಜದಿಂದಲೂ ಹೀಗೆಯೇ ತುಪ್ಪ ತೆಗೆಯುತ್ತಾರೆ, ಹಿಂದೆ ಕೆಲವು ಮನೆಗಳಲ್ಲಿ ಅದನ್ನು ಅಡುಗೆಗೂ ಬಳಸುತ್ತಿದ್ದರು.

ಮಾತ್ರೆಯ ಬೇಡಿಕೆ ಏರಿದಾಗ ಪೆಟ್ಟು ಬಿದ್ದದ್ದು ಮರಕ್ಕೆ. ಎತ್ತರದ ಮರ, ಜಾರುವ ತೊಗಟೆ, ಸುರಿಯುವ ಮಳೆ. ಹತ್ತಿ ಕೊಯ್ಯುವ ಬದಲು ಕೊಂಬೆಯನ್ನೇ ಕಡಿದು ಕೆಡವುವುದು, ಬೇರೆಯವರು ಕೊಯ್ದಾರು ಎಂದು ಹಸಿರು ಕಾಯನ್ನೇ ಉದುರಿಸುವುದು ಶುರುವಾಯಿತು. ಬಲಿಯದ ಕಾಯಿಯ ಬೀಜ ಮೊಳೆಯದು, ಕಡಿದ ಕೊಂಬೆ ಮತ್ತೆ ಫಲ ಕೊಡಲು ವರ್ಷಗಳು ಬೇಕು. ಸಿಪ್ಪೆ ಒಣಗಿಸಲು ಅದೇ ಕಾನಿನ ಕಟ್ಟಿಗೆ ಉರಿಯುತ್ತದೆ. ಅದಕ್ಕೇ ಕೊಳ್ಳುವವರು ಕೇಳಬೇಕಾದದ್ದು ನೆಲಕ್ಕೆ ಬಿದ್ದ ಕಳಿತ ಹಣ್ಣಿನ ಸಿಪ್ಪೆಯನ್ನು. ಅದು ದಪ್ಪವಾಗಿರುತ್ತದೆ, ಒಣಗಿದರೂ ಬಗ್ಗಿಸಿದಾಗ ಮೆದುವಾಗಿ ಬಾಗುತ್ತದೆ. ತೆಳ್ಳಗೆ, ಪಟಕ್ಕೆಂದು ಮುರಿಯುವಂತಿದ್ದರೆ ಎಳೆಕಾಯಿಯದು. ಬಿದ್ದ ಹಣ್ಣನ್ನು ದಿನವೂ ಹೆಕ್ಕಬೇಕು, ಎರಡು ದಿನ ಬಿಟ್ಟರೆ ಹುಳ ಬಿದ್ದು ಕೊಳೆಯುತ್ತದೆ. ಹಾಗೆಂದು ಮರದ ಬುಡವನ್ನು ಬರಿದು ಮಾಡಿದರೆ ಮುಂದಿನ ಸಸಿಗೆ ಬೀಜವಿರದು.

ಸಸಿ ಮಾಡುವುದು ತಾಳ್ಮೆಯ ಕೆಲಸ. ಉಪ್ಪಾಗೆ ಬೀಜವನ್ನು ಹಾಗೆಯೇ ಹಾಕಿದರೆ ಮೊಳೆಯಲು ಐದಾರು ತಿಂಗಳು ಹಿಡಿಯುತ್ತದೆ. ಮೇಲಿನ ಗಟ್ಟಿ ಸಿಪ್ಪೆಯನ್ನು ಒಳಗಿನ ತಿರುಳಿಗೆ ಗಾಯವಾಗದಂತೆ ಚಾಕುವಿನ ಮೊನೆಯಿಂದ ಬಿಡಿಸಿ ಒದ್ದೆ ಮರಳಿನಲ್ಲಿಟ್ಟರೆ ಬಹಳ ಬೇಗ ಬರುತ್ತದೆ. ಗಂಡು ಮರ ಹೆಣ್ಣು ಮರ ಬೇರೆ ಬೇರೆ, ಬೀಜದ ಗಿಡ ಹಲವು ವರ್ಷಕ್ಕೆ ಹೂಬಿಡುವವರೆಗೂ ಯಾವುದೆಂದು ತಿಳಿಯದು, ಸುಮಾರು ಅರ್ಧ ಗಂಡೇ ಆಗಿಬಿಡುತ್ತವೆ. ಹಾಗಾಗಿ ಚೆನ್ನಾಗಿ ಬಿಡುವ ಹೆಣ್ಣು ಮರದ ಕುಡಿಯನ್ನು ಕಸಿ ಕಟ್ಟಿದ ಗಿಡವೇ ಲೇಸು, ಮೂರು ನಾಲ್ಕು ವರ್ಷಕ್ಕೆ ಫಲ. ಕಸಿಗೆ ಕುಡಿ ಆರಿಸುವಾಗ ನೆಟ್ಟಗೆ ಮೇಲಕ್ಕೆ ಹೋಗುವ ಚಿಗುರನ್ನೇ ತಗೊಳ್ಳಬೇಕು. ಪಕ್ಕದ ಕೊಂಬೆಯ ಕುಡಿ ಕಟ್ಟಿದರೆ ಗಿಡ ಮರವಾಗದೆ ಬಳ್ಳಿಯಂತೆ ಅಡ್ಡಡ್ಡ ಹರಡಿಕೊಳ್ಳುತ್ತದೆ. ಮುರುಗಲಾದರೆ ಮಳೆಗೆ ಮೊದಲೇ ಕಳಿಯುವ ಮರದ ಕುಡಿ ಬೇಕು, ಮೃಗಶಿರ ಮಳೆಗೆ ಸಿಕ್ಕ ಹಣ್ಣು ಕೊಳೆತು ಹೋಗುತ್ತದೆ, ಸಿಪ್ಪೆಗೆ ಬಿಸಿಲೂ ಸಿಗದು. ಆರು ಮೀಟರಿಗೊಂದು ಗಿಡ, ಹತ್ತು ಹೆಣ್ಣಿಗೆ ಒಂದು ಗಂಡು. ತೋಟದ ಅಂಚಿನಲ್ಲೋ ಸೊಪ್ಪಿನಬೆಟ್ಟದಲ್ಲೋ ನೆಡುವುದಾದರೆ ಮೊದಲ ಎರಡು ಬೇಸಿಗೆ ನೆರಳೂ ವಾರಕ್ಕೊಂದೆರಡು ಕೊಡ ನೀರೂ ಬೇಕು, ಆಮೇಲೆ ಅದರ ಪಾಡಿಗೆ ಅದು ಬೆಳೆದುಕೊಳ್ಳುತ್ತದೆ.